ಕೇಸಿಂಗ್ ಹೊರಸುತ್ತಿನ ಸ್ಲರಿ ಲೆಕ್ಕ: ನನ್ನ ಅನುಭವ

ಕೃಷ್ಣಾ–ಗೋದಾವರಿ ಬೇಸಿನ್ನಿನ ತೈಲಬಾವಿಗಳಲ್ಲಿ ಗೋಡೆ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪಿನ ಹೊರಸುತ್ತಿಗೆ, ಅಂದರೆ ಪೈಪಿಗೂ ಬಾವಿಯ ಗೋಡೆಗೂ ನಡುವಿನ ಸಂದಿಗೆ, ಸಿಮೆಂಟ್ ಸ್ಲರಿ (ಸಿಮೆಂಟು ನೀರು ಬೆರೆಸಿದ ತೆಳು ಮಿಶ್ರಣ) ತುಂಬಿಸುವ ಕೆಲಸದಲ್ಲಿ ಕೆಲವು ವರ್ಷ ಇದ್ದ ನನಗೆ, ಅದೇ ಲೆಕ್ಕವನ್ನು ಅರಸೀಕೆರೆ ಬಳಿಯ ನಮ್ಮ ತೆಂಗಿನ ತೋಟದ ಕೊಳವೆಬಾವಿಗೆ ಹಾಕುವ ಸಂದರ್ಭ ಬಂದಿತು. ಹಳೆಯ ಬೋರಿನಲ್ಲಿ ಮಳೆ ಬಂದಾಗಲೆಲ್ಲ ಕೇಸಿಂಗಿನ ಹೊರಗಿನಿಂದ ಕೆಸರುನೀರು ಇಳಿಯುತ್ತಿತ್ತು.

ಹೊಸ ಬೋರಿನಲ್ಲಿ 18 ಮೀಟರಿಗೆ ಗಟ್ಟಿ ಕಲ್ಲು ಸಿಕ್ಕಿತು. ಅಲ್ಲಿಯವರೆಗೆ 250 ಮಿ.ಮೀ. ವ್ಯಾಸದ ಬಿಟ್ಟಿನಲ್ಲಿ (ಕೊರೆಯುವ ತುದಿಯಲ್ಲಿ) ಕೊರೆಸಿ, 180 ಮಿ.ಮೀ. ಹೊರವ್ಯಾಸದ ಪಿವಿಸಿ ಕೇಸಿಂಗನ್ನು ಕಲ್ಲಿನ ಮೇಲೆ ಕೂರಿಸಿ, ಬುಡಕ್ಕೆ ಜೇಡಿಮಣ್ಣು ಬಿಗಿದೆವು. ಎರಡೂ ವ್ಯಾಸಗಳನ್ನು ಮೀಟರಿಗೆ ತಂದು ಬೇರೆಬೇರೆಯಾಗಿ ವರ್ಗ ಮಾಡಿ ಕಳೆದರೆ 0.0301, ಅದನ್ನು 0.7854ರಿಂದ (ಪೈನ ನಾಲ್ಕನೇ ಒಂದು ಭಾಗ) ಗುಣಿಸಿದರೆ ಮೀಟರೊಂದಕ್ಕೆ 23.6 ಲೀಟರ್, ಒಟ್ಟು 425 ಲೀಟರ್. ಮೊದಲು ವ್ಯಾಸಗಳನ್ನು ಕಳೆದು ಆಮೇಲೆ ವರ್ಗ ಮಾಡಿದವರಿಗೆ ಮೀಟರಿಗೆ ನಾಲ್ಕು ಲೀಟರೂ ಬರುವುದಿಲ್ಲ. ಈ ತಪ್ಪನ್ನು ನಾನು ಹಲವು ಸಲ ಕಂಡಿದ್ದೇನೆ.

50 ಕಿಲೋ ಸಿಮೆಂಟಿಗೆ 25 ಲೀಟರ್ ನೀರು ಬೆರೆಸಿದರೆ ಸುಮಾರು 41 ಲೀಟರ್ ಸ್ಲರಿ ಆಗುತ್ತದೆ, ಏಕೆಂದರೆ ಅಷ್ಟು ಸಿಮೆಂಟಿನ ಘನ ಗಾತ್ರ 16 ಲೀಟರ್ ಮಾತ್ರ. ಹಾಗಾಗಿ ಹನ್ನೊಂದು ಮೂಟೆ ಸಾಕೆನ್ನಿಸುತ್ತದೆ. ನಾನು ಹದಿನಾಲ್ಕು ತರಿಸಿದೆ.

“ಬಿಟ್ ಅಳತೆ ಗೊತ್ತಿರುವಾಗ ಮೂರು ಮೂಟೆ ಹೆಚ್ಚಿಗೆ ಏಕೆ, ಮಾವ?” ಎಂದು ಅಕ್ಕನ ಮಗ ಕೇಳಿದ. ಬಿಟ್ಟಿನ ಅಳತೆಯೇ ಬಾವಿಯ ಅಳತೆಯಲ್ಲ. ತೈಲಬಾವಿಯಲ್ಲಾದರೆ ಕ್ಯಾಲಿಪರ್ ಇಳಿಸಿ ನಿಜವಾದ ವ್ಯಾಸವನ್ನು ಅಳೆಯುತ್ತೇವೆ. ಆ ಅಳತೆಯಿಲ್ಲದೆ ಬಿಟ್ಟಿನ ವ್ಯಾಸವನ್ನೇ ನಂಬಿ ಲೆಕ್ಕ ಹಾಕಿದ ನನ್ನ ಆರಂಭದ ಒಂದು ಕೆಲಸದಲ್ಲಿ ಸ್ಲರಿ ಉದ್ದೇಶಿಸಿದ ಎತ್ತರಕ್ಕೆ ಏರಿರಲಿಲ್ಲ. ತೋಟದಲ್ಲಿ ಕ್ಯಾಲಿಪರ್ ಎಲ್ಲಿಂದ ತರುವುದು? ಮೇಲಿನ ಮಣ್ಣು ಕುಸಿಯುವ ಸ್ವಭಾವದ್ದೆಂದು ನೋಡಿ ಶೇಕಡಾ 30 ಸೇರಿಸಿದ್ದೆ.

ಸ್ಲರಿ ನೀರಿಗಿಂತ 1.8 ಪಟ್ಟಿಗೂ ಹೆಚ್ಚು ಭಾರ; ಹೊರಗಿನ ಒತ್ತಡಕ್ಕೆ ಪಿವಿಸಿ ಅಪ್ಪಚ್ಚಿಯಾಗಬಾರದೆಂದು ಮೊದಲು ಕೇಸಿಂಗಿನೊಳಗೆ ನೀರು ತುಂಬಿಸಿದೆವು. ಅನಂತರ ಮುಕ್ಕಾಲು ಇಂಚಿನ ಪೈಪನ್ನು ಹೊರಸುತ್ತಿನಲ್ಲಿ ತಳದವರೆಗೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ತುಂಬುವಂತೆ ಕೈಪಂಪಿನಿಂದ ಸ್ಲರಿ ಒತ್ತಿದೆವು. ಮೇಲಿನಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು ಪೊಳ್ಳು ಉಳಿಯುತ್ತದೆ.

ಹದಿಮೂರನೆಯ ಮೂಟೆಗೆ ಸ್ಲರಿ ನೆಲಮಟ್ಟಕ್ಕೆ ಬಂದಿತು. ಹಿಂದಿನಿಂದ ಲೆಕ್ಕ ಹಾಕಿದರೆ ಬಾವಿಯ ಸರಾಸರಿ ವ್ಯಾಸ 265 ಮಿ.ಮೀ.; ಹದಿನೈದೇ ಮಿಲಿಮೀಟರ್ ಹಿಗ್ಗಿದ್ದಕ್ಕೆ ಕಾಲು ಪಾಲು ಸ್ಲರಿ ಹೆಚ್ಚಿಗೆ ಹಿಡಿದಿತ್ತು. ಬೆಳಗಿನ ಹೊತ್ತಿಗೆ ಸ್ಲರಿ ಗೇಣುದ್ದ ಕುಸಿದಿತ್ತು. ಉಳಿದ ಮೂಟೆಯಿಂದ ಅದನ್ನು ತುಂಬಿಸಿದೆವು.