15 ಸೆಕೆಂಡು ತೊಟ್ಟಿಕ್ಕಲು ಬಿಟ್ಟಾಗ

ನಾನು ಒಂದು ಸಣ್ಣ ಪ್ಲೇಟಿಂಗ್ ಘಟಕ ನಡೆಸುತ್ತೇನೆ. ನಿಕಲ್, ಕ್ರೋಮ್, ಜಿಂಕ್ ಲೇಪನ ನಮ್ಮ ಕೆಲಸ. ಲೋಹ ಬೆರೆತ ಕೊಳೆ ನೀರನ್ನು ಶುದ್ಧ ಮಾಡಿಯೇ ಹೊರಬಿಡಬೇಕೆಂಬ ಕಾನೂನು ಪುಸ್ತಕದಲ್ಲೇನೋ ಚೆನ್ನಾಗಿದೆ. ತಪಾಸಣೆಗೆ ಬರುವವರೇ ಅಪರೂಪ, ಬಂದರೂ ನೋಡುವುದು ಕಾಗದಪತ್ರ ಮಾತ್ರ. ಹಾಗಾಗಿ ರಾತ್ರಿ ಹೊತ್ತು ಮೋರಿಗೆ ನೀರು ಬಿಡುವವರು ನನಗಿಂತ ಕಡಿಮೆ ರೇಟಿಗೆ ಕೆಲಸ ಹಿಡಿಯುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು.

ಆದರೂ ಮೋರಿಗೆ ಬಿಡಲು ಮನಸ್ಸು ಬರಲಿಲ್ಲ. ನೀರು ಶುದ್ಧ ಮಾಡುವ ವ್ಯವಸ್ಥೆಗೆ ಹಣ ಹಾಕಿದೆ. ಹಳದಿ ಕ್ರೋಮ್ ನೀರಿಗೆ ಆಸಿಡ್ ಹಾಕಿ ಪಿಎಚ್ (ಹುಳಿಯ ಅಳತೆ) 2-3ಕ್ಕೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಅದು ಹಸಿರಾಗುತ್ತದೆ. ಆಮೇಲೆ ಸುಣ್ಣ ಹಾಕಿದರೆ ಕ್ರೋಮ್ ತಳಕ್ಕೆ ಕೂರುತ್ತದೆ. ಕೆಲಸವೇನೋ ಆಗುತ್ತಿತ್ತು, ಕೆಮಿಕಲ್ ಖರ್ಚೂ ತಳದಲ್ಲಿ ಕೂತ ಕೆಸರಿನ, ಅಂದರೆ ಸ್ಲಡ್ಜ್‌ನ ಮೂಟೆಗಳೂ ಏರುತ್ತಲೇ ಹೋದವು.

ಒಂದು ದಿನ ನಿಕಲ್ ಟ್ಯಾಂಕಿನ ಪಕ್ಕ ಸುಮ್ನೆ ನಿಂತು ನೋಡಿದೆ. ಹುಡುಗರು ಸಾಮಾನು ತೂಗುಹಾಕಿದ ರ್ಯಾಕ್ ಎತ್ತಿದ ಕೂಡಲೇ ತೊಳೆಯುವ ನೀರಿಗೆ ಅದ್ದುತ್ತಿದ್ದರು. ಹಸಿರು ದ್ರಾವಣ ಇನ್ನೂ ಧಾರೆಯಾಗಿ ಇಳಿಯುತ್ತಿತ್ತು. ಅದು ನಾನು ದುಡ್ಡು ಕೊಟ್ಟು ತಂದ ನಿಕಲ್ ಅಲ್ವಾ! ಚೆಲ್ಲಿಕೊಂಡು, ಮತ್ತೆ ಅದನ್ನೇ ತೆಗೆಯಲು ಖರ್ಚು ಮಾಡುತ್ತಿದ್ದೆ.

ಟ್ಯಾಂಕಿನ ಮೇಲೆ ಅಡ್ಡ ಕಂಬಿ ಹಾಕಿಸಿದೆ. ರ್ಯಾಕ್ ಅಲ್ಲೇ 15 ಸೆಕೆಂಡು ತೂಗಬೇಕು. ಮೊದಲ ತೊಳೆಯುವ ಟ್ಯಾಂಕಿನ ನಲ್ಲಿ ಮುಚ್ಚಿಸಿದೆ. ಬಿಸಿ ನಿಕಲ್ ಟ್ಯಾಂಕಿನಲ್ಲಿ ನೀರು ಆವಿಯಾಗುತ್ತಲೇ ಇರುತ್ತದೆ, ಅದನ್ನು ತುಂಬಲು ಈ ತೊಳೆದ ನೀರನ್ನೇ ಸೋಸಿ ಹಾಕಿದೆವು. ಉಳಿದ ಟ್ಯಾಂಕುಗಳಲ್ಲಿ ಹೊಸ ನೀರು ಕೊನೆಯದಕ್ಕೆ ಬಂದು ಹಿಂದಕ್ಕೆ ಹರಿಯುವಂತೆ ಪೈಪ್ ಬದಲಿಸಿದೆವು. ಸ್ಲಡ್ಜ್ ಕಣ್ಣಿಗೆ ಕಾಣುವಷ್ಟು ಇಳಿಯಿತು. ಉಳಿತಾಯ ಬಂದದ್ದು ಇಲ್ಲಿಂದ, ಶುದ್ಧೀಕರಣದಿಂದಲ್ಲ.

ಆದರೆ ಉಳಿತಾಯ ಬೇರೆ, ಒಳ್ಳೆಯ ಆರ್ಡರ್ ಬೇರೆ. ತಪಾಸಣೆಯೇ ಸಡಿಲವಾಗಿರುವ ಕಡೆ ಸರ್ಟಿಫಿಕೇಟನ್ನು ಯಾರೂ ನಂಬುವುದಿಲ್ಲ, ನನ್ನದನ್ನೂ ನಂಬಲಿಲ್ಲ. ಕಟ್ಟುನಿಟ್ಟು ಬಂದದ್ದು ದೂರದಿಂದ. 2006ರಿಂದ ಯುರೋಪಿಯನ್ ಒಕ್ಕೂಟದ ರೋಹ್ಸ್ ನಿಯಮ (ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕುವ ನಿಯಮ) ಎಲೆಕ್ಟ್ರಾನಿಕ್ ಸಾಮಾನಿನ ಬಿಡಿಭಾಗಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂಗೆ, ಅಂದರೆ ಕ್ರೋಮ್‌ನ ವಿಷಕಾರಿ ರೂಪಕ್ಕೆ, ಶೇ. 0.1ರ ಮಿತಿ ಹಾಕಿದೆ. ರಫ್ತು ಮಾಡುವ ಖರೀದಿದಾರರಿಗೆ ಪುರಾವೆ ಬೇಕೇ ಬೇಕು. ಜಿಂಕ್ ತುಕ್ಕು ಹಿಡಿಯದಂತೆ ಅದರ ಮೇಲೆ ಕೊಡುವ ತೆಳು ಪದರಕ್ಕೆ (ಪ್ಯಾಸಿವೇಶನ್) ಈ ಹೆಕ್ಸಾವೇಲೆಂಟ್‌ನ ಹಳದಿ ದ್ರಾವಣ ಬಿಟ್ಟು, ಅಷ್ಟು ವಿಷವಲ್ಲದ ಟ್ರೈವೇಲೆಂಟ್ ಕ್ರೋಮಿಯಂಗೆ ಬಂದೆ. ಖರೀದಿದಾರರಿಗೆ 'ಹೇಳದೆ ಬನ್ನಿ, ಹೊರಹೋಗುವ ನೀರನ್ನು ನಿಮ್ಮ ಕೈಯಾರೆ ಬಾಟಲಿಗೆ ಹಿಡಿದು ನಿಮ್ಮ ಲ್ಯಾಬಿಗೆ ಕೊಡಿ' ಅಂದೆ. ಒಬ್ಬರು ನಿಜಕ್ಕೂ ಬಂದರು. ಕೆಟ್ಟ ರೀಡಿಂಗ್ ಬಂದ ದಿನಗಳೂ ಇದ್ದ ಲಾಗ್‌ಬುಕ್ಕನ್ನು ಅವರ ಮುಂದಿಟ್ಟೆ. ಅವರು ಜಾಸ್ತಿ ಹೊತ್ತು ಓದಿದ್ದು ಆ ಪುಟಗಳನ್ನೇ. ಅವರ ಕೆಲಸ ಈಗಲೂ ನಮ್ಮಲ್ಲೇ ನಡೆಯುತ್ತಿದೆ.

ರೇಟ್ ಒಂದನ್ನೇ ಕೇಳುವವರು ಇವತ್ತಿಗೂ ಬೇರೆ ಕಡೆ ಹೋಗುತ್ತಾರೆ. ಅವರಿಗಾಗಿ ರೇಟ್ ಇಳಿಸುವುದನ್ನು ಬಿಟ್ಟಿದ್ದೇನೆ.