ಹೆರಿಗೆ ಕೋಣೆಯಲ್ಲೇ ಹೆಪಟೈಟಿಸ್ ಬಿ ಲಸಿಕೆ: ನಾವು ಮಾಡಿಕೊಂಡ ವ್ಯವಸ್ಥೆ

ಹುಟ್ಟಿದ ಮಗುವಿಗೆ ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಲಸಿಕೆ ತಡವಾಗುತ್ತಿದ್ದರೆ, ಸ್ಟಾಕ್ ಇದೆಯೋ ಇಲ್ಲವೋ ಎಂದು ನೋಡುವ ಮೊದಲು ಬಿಸಿಜಿಯನ್ನು (ಕ್ಷಯದ ಲಸಿಕೆ) ಯಾವಾಗ ಕೊಡುತ್ತಿದ್ದೀರಿ ಎಂದು ನೋಡಿ. ಬಿಸಿಜಿ ಪುಡಿಯನ್ನು ಒಮ್ಮೆ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದನ್ನು ಎಸೆಯಬೇಕು. ಹಾಗಾಗಿ ನಾಲ್ಕಾರು ಕೂಸುಗಳು ಸೇರಲಿ ಎಂದು ಕಾಯುವ ರೂಢಿ ಬೆಳೆದಿದೆ. ಜೊತೆಗೇ ಇರಲಿ ಎಂದು ಹೆಪಟೈಟಿಸ್ ಬಿ ಲಸಿಕೆಯೂ ಕಾಯುತ್ತದೆ. ಶನಿವಾರ ರಾತ್ರಿ ಹುಟ್ಟಿದ ಮಗುವಿಗೆ ಸೋಮವಾರ ಲಸಿಕೆ. ಬಿಸಿಜಿಗೆ ಅದು ನಡೆಯುತ್ತದೆ, ಹುಟ್ಟಿದಾಗ ಕೊಡುವ ಪೋಲಿಯೊ ಝೀರೋ ಡೋಸಿಗೆ 15 ದಿನ ಸಮಯವಿದೆ. ಹೆಪಟೈಟಿಸ್ ಬಿಗೆ ಇರುವುದು 24 ಗಂಟೆ ಮಾತ್ರ. ನಾವು ಮೊದಲು ಮಾಡಿದ್ದು ಈ ಗಂಟು ಬಿಚ್ಚುವ ಕೆಲಸ: ಬಿಸಿಜಿ ಲಸಿಕೆ ಕೋಣೆಯಲ್ಲಿ ಅದರ ದಿನಕ್ಕೆ, ಹೆಪಟೈಟಿಸ್ ಬಿ ಲೇಬರ್ ರೂಮಿನಲ್ಲಿ, ಹೆರಿಗೆ ಮಾಡಿಸಿದ ನರ್ಸ್ ಕೈಯಿಂದಲೇ.

ಇಷ್ಟು ಅವಸರ ಯಾಕೆ? ತಾಯಿಯಿಂದ ಹೆರಿಗೆ ಹೊತ್ತಿನಲ್ಲಿ ಸೋಂಕು ತಗಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಅದು ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗಲಿದರೆ ಹಾಗೆ ಉಳಿಯುವುದು ನೂರಕ್ಕೆ ಐದಕ್ಕಿಂತ ಕಡಿಮೆ ಜನರಲ್ಲಿ. ಮೂವತ್ತು ನಲವತ್ತು ವರ್ಷದ ನಂತರ ಕಾಣುವ ಸಿರೋಸಿಸ್, ಲಿವರ್ ಕ್ಯಾನ್ಸರ್‌ಗಳಲ್ಲಿ ಬಹಳಷ್ಟರ ಬೇರು ಈ ಮೊದಲ ದಿನದಲ್ಲಿದೆ. ತೈವಾನ್ 1984ರಲ್ಲೇ ನವಜಾತ ಶಿಶುಗಳಿಗೆ ಈ ಲಸಿಕೆ ಶುರು ಮಾಡಿತು, ಮುಂದೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿದದ್ದು ದಾಖಲಾಗಿದೆ. 2030ರ ಹೊತ್ತಿಗೆ ಹೊಸ ಸೋಂಕನ್ನು ಶೇ 90, ಸಾವನ್ನು ಶೇ 65 ಇಳಿಸಬೇಕೆಂದು 2016ರಲ್ಲಿ ವಿಶ್ವ ಆರೋಗ್ಯ ಅಧಿವೇಶನ ಗುರಿ ಹಾಕಿಕೊಂಡಿತು. ನಮ್ಮ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಯಿತು. ಆ ಗುರಿಯಲ್ಲಿ ಲೇಬರ್ ರೂಮಿನ ಪಾಲು ಈ ಒಂದು ಡೋಸ್.

"ಒಂದು ಕೂಸಿಗೆ ಹತ್ತು ಡೋಸಿನ ವಯಲ್ ಒಡೆಯೋದಾ?" ಎಂಬ ಮಾತು ಬಂದೇ ಬರುತ್ತದೆ. ಒಡೆಯಿರಿ. ಹೆಪಟೈಟಿಸ್ ಬಿ ದ್ರವ ರೂಪದ ಲಸಿಕೆ, ಓಪನ್ ವಯಲ್ ನಿಯಮಕ್ಕೆ ಒಳಪಟ್ಟಿದೆ. ತೆರೆದ ಮೇಲೂ 28 ದಿನ ಬಳಸಬಹುದು. ಅದಕ್ಕೆ ಎಕ್ಸ್‌ಪೈರಿ ದಾಟಿರಬಾರದು, ವಿವಿಎಂ (ಶಾಖ ತಗಲಿದ್ದನ್ನು ತೋರಿಸುವ ವಯಲ್ ಮೇಲಿನ ಗುರುತು) ಚೌಕ ಬಣ್ಣ ತಿರುಗಿರಬಾರದು, 2ರಿಂದ 8 ಡಿಗ್ರಿಯಲ್ಲೇ ಇಟ್ಟಿರಬೇಕು, ರಬ್ಬರ್ ಮುಚ್ಚಳ ನೀರಿನಲ್ಲಿ ಮುಳುಗಿರಬಾರದು, ಪ್ರತಿ ಸಲವೂ ಹೊಸ ಸೂಜಿಯಿಂದಲೇ ತೆಗೆದಿರಬೇಕು. ತೆರೆದ ದಿನ, ಹೊತ್ತು ಎರಡನ್ನೂ ಲೇಬಲ್ ಮೇಲೆ ಪೆನ್ನಿನಲ್ಲಿ ಬರೆಯಬೇಕು. ಬರೆಯದ ವಯಲನ್ನು ಮುಂದಿನ ಪಾಳಿಯವರು ನಂಬುವುದಿಲ್ಲ, ನಂಬಲೂ ಬಾರದು.

ಇನ್ನೊಂದು ಅಡ್ಡಿ ಬೀಗದ ಕೈ. ಲಸಿಕೆ ಕೋಣೆಗೆ ಸಂಜೆ ಬೀಗ ಬಿದ್ದರೆ ರಾತ್ರಿ ಹೆರಿಗೆಗೆ ಲಸಿಕೆ ಇಲ್ಲ ಎಂದೇ ಅರ್ಥ. ನಮ್ಮಲ್ಲಿ ಐಎಲ್‌ಆರ್ (ಲಸಿಕೆ ಇಡುವ ಫ್ರಿಜ್) ಬೀಗದ ಕೈಯನ್ನು ಲೇಬರ್ ರೂಮಿನ ಚಾರ್ಜ್ ಪುಸ್ತಕಕ್ಕೆ ಸೇರಿಸಿದೆವು. ಪಾಳಿ ಬದಲಾಗುವಾಗ ಆಕ್ಸಿಟೋಸಿನ್ (ಹೆರಿಗೆಯಲ್ಲಿ ಕೊಡುವ ಔಷಧ) ಲೆಕ್ಕ ಒಪ್ಪಿಸುವ ಹಾಗೆಯೇ ಬೀಗದ ಕೈಯನ್ನೂ, ವಯಲಿನಲ್ಲಿ ಉಳಿದ ಡೋಸಿನ ಲೆಕ್ಕವನ್ನೂ ಸಹಿ ಹಾಕಿ ಒಪ್ಪಿಸಬೇಕು.

ಈ ಲಸಿಕೆಗೆ ಬಿಸಿಲಿಗಿಂತ ಮಂಜುಗಡ್ಡೆ ದೊಡ್ಡ ಶತ್ರು. ಒಮ್ಮೆ ಹೆಪ್ಪುಗಟ್ಟಿದರೆ ಅದರಲ್ಲಿರುವ ಅಲ್ಯುಮಿನಿಯಂ ಲವಣ ಗಂಟುಕಟ್ಟುತ್ತದೆ, ಲಸಿಕೆ ಕೆಲಸಕ್ಕೆ ಬಾರದು. ವಿವಿಎಂ ಇದನ್ನು ತೋರಿಸುವುದಿಲ್ಲ, ಅದಕ್ಕೆ ಗೊತ್ತಾಗುವುದು ಶಾಖ ಮಾತ್ರ. ಐಎಲ್‌ಆರ್ ತಳಕ್ಕೆ ವಯಲ್ ತಾಗದಂತೆ ಬುಟ್ಟಿಯಲ್ಲೇ ಇಡಿ. ಕ್ಯಾರಿಯರ್‌ನಲ್ಲಿ ಒಯ್ಯುವುದಾದರೆ ಐಸ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದ ಹಾಗೇ ಹಾಕಬೇಡಿ. ಹೊರಗಿಟ್ಟು, ಮೈ ಬೆವರಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಬಂದ ಮೇಲೆ ಹಾಕಿ. ಅನುಮಾನ ಬಂದರೆ ಶೇಕ್ ಟೆಸ್ಟ್: ಅದೇ ಬ್ಯಾಚಿನ ಒಂದು ವಯಲನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿಕೊಳ್ಳಿ. ಅದನ್ನೂ ಅನುಮಾನದ ವಯಲನ್ನೂ ಒಟ್ಟಿಗೆ ಕುಲುಕಿ ಮೇಜಿನ ಮೇಲೆ ಇಟ್ಟು ಅರ್ಧ ಗಂಟೆ ನೋಡಿ. ಹೆಪ್ಪುಗಟ್ಟಿದ್ದರಲ್ಲಿ ಚೂರುಗಳು ಬೇಗ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಅನುಮಾನದ್ದೂ ಅಷ್ಟೇ ಬೇಗ ಇಳಿದರೆ ಆ ವಯಲ್ ಬೇಡ.

ಕೊಡುವ ಕ್ರಮ ಸರಳ. ಮಗು ಅತ್ತು, ತಾಯಿಯ ಎದೆಗೆ ಹತ್ತಿ, ಹಾಲು ಕುಡಿದ ಮೇಲೆ ವಿಟಮಿನ್ ಕೆ ಬಲ ತೊಡೆಗೆ, ಹೆಪಟೈಟಿಸ್ ಬಿ ಎಡ ತೊಡೆಯ ನಡುಭಾಗದ ಹೊರಬದಿಗೆ. 0.5 ಎಂ.ಎಲ್., ಎ.ಡಿ. ಸಿರಿಂಜ್ (ಒಮ್ಮೆ ಬಳಸಿದರೆ ಲಾಕ್ ಆಗುವಂಥದ್ದು), ಸ್ನಾಯುವಿನೊಳಗೆ. ಉಜ್ಜಬಾರದು. ಸೂಜಿಗೆ ಮತ್ತೆ ಕ್ಯಾಪ್ ಹಾಕದೆ, ಸೂಜಿ ಕತ್ತರಿಸುವ ಹಬ್ ಕಟರ್‌ಗೆ. ಕೇಸ್ ಶೀಟಿನಲ್ಲೂ ತಾಯಿ ಕಾರ್ಡಿನಲ್ಲೂ ದಿನಾಂಕದ ಜೊತೆ ಹೊತ್ತನ್ನೂ ಬರೆಯಿರಿ. ಒಂದನೇ ತಾರೀಖು ಬೆಳಗಿನ ಜಾವ 1ಕ್ಕೆ ಹುಟ್ಟಿದ ಮಗುವಿಗೆ ಎರಡನೇ ತಾರೀಖು ಸಂಜೆ 5ಕ್ಕೆ ಕೊಟ್ಟರೆ 40 ಗಂಟೆ ಆಗಿರುತ್ತದೆ, ರಿಜಿಸ್ಟರಿನಲ್ಲಿ ಮಾತ್ರ "ಮರುದಿನ" ಎಂದು ಚೆನ್ನಾಗಿ ಕಾಣುತ್ತದೆ.

ತಪ್ಪಿಹೋಗುವ ಕೂಸುಗಳು ಯಾವುವು ಎಂದು ಗೊತ್ತಿದ್ದರೆ ಹಿಡಿಯುವುದು ಸುಲಭ. ಸಿಸೇರಿಯನ್ ಮಗು: ತಾಯಿ ಆಪರೇಷನ್ ಕೋಣೆಯಲ್ಲಿ, ಮಗು ಅಜ್ಜಿಯ ಕೈಯಲ್ಲಿ, ಲಸಿಕೆ ಯಾರ ಜವಾಬ್ದಾರಿಯೂ ಅಲ್ಲ. ಎಸ್‌ಎನ್‌ಸಿಯುಗೆ (ನವಜಾತ ಶಿಶು ವಿಶೇಷ ಆರೈಕೆ ಘಟಕ) ಹೋದ ಮಗು. ದೊಡ್ಡಾಸ್ಪತ್ರೆಗೆ ಕಳಿಸಿದ ಮಗು. ಸ್ಥಿತಿ ಸ್ಥಿರವಾಗಿದ್ದರೆ ಹೊರಡುವ ಮೊದಲೇ ಕೊಟ್ಟು ರೆಫರಲ್ ಚೀಟಿಯಲ್ಲಿ ಬರೆಯಬೇಕು. ತೂಕ ಎರಡು ಕಿಲೋಗಿಂತ ಕಡಿಮೆ ಎಂದು ಮುಂದೂಡುವುದು ಬೇಡ, 6, 10, 14 ವಾರಕ್ಕೆ ಪೆಂಟಾದ (ಹೆಪಟೈಟಿಸ್ ಬಿಯೂ ಸೇರಿದ ಐದು ರೋಗಗಳ ಲಸಿಕೆ) ಮೂರು ಡೋಸ್ ಹೇಗೂ ಇವೆ.

ತಾಯಿಯ ಎಚ್‌ಬಿಎಸ್‌ಎಜಿ (ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯೇ ಎಂದು ತೋರಿಸುವ ಪರೀಕ್ಷೆ) ಪಾಸಿಟಿವ್ ಇದ್ದರೆ ಕೆಲಸ ಹೆರಿಗೆಗೆ ತಿಂಗಳುಗಳ ಮೊದಲೇ ಶುರುವಾಗಬೇಕು. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪ್ರತಿ ಎಂ.ಎಲ್.ಗೆ 2 ಲಕ್ಷ ಐಯು ಮೀರಿದ್ದರೆ ವೈದ್ಯರು ವೈರಸ್ ತಗ್ಗಿಸುವ ಟೆನೊಫೊವಿರ್ 300 ಮಿ.ಗ್ರಾಂ ಶುರು ಮಾಡುತ್ತಾರೆ, ರೂಢಿಯಲ್ಲಿ 28ನೇ ವಾರದಿಂದ. ಮಗುವಿಗೆ ಬೇಕಾದ, ಸಿದ್ಧ ಆಂಟಿಬಾಡಿಯಿರುವ ಸೂಜಿಮದ್ದಾದ ಇಮ್ಯುನೊಗ್ಲಾಬ್ಯುಲಿನ್‌ಗೂ ಆಗಲೇ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ. ನೋವು ಶುರುವಾದ ಮೇಲೆ ಹುಡುಕಿದರೆ ಸಿಗುವುದಿಲ್ಲ. 100 ಐಯು, ಬಲ ತೊಡೆಗೆ, ವಿಟಮಿನ್ ಕೆ ಕೊಟ್ಟ ಜಾಗದಿಂದ ಒಂದಿಂಚು ದೂರಕ್ಕೆ, ಆದಷ್ಟೂ 12 ಗಂಟೆಯೊಳಗೆ. ಅದು ಸಿಗಲಿಲ್ಲ ಎಂದು ಲಸಿಕೆಯನ್ನು ಮಾತ್ರ ನಿಲ್ಲಿಸಬೇಡಿ. ತಾಯಿಯ ರಿಪೋರ್ಟ್ ಇಲ್ಲದಿದ್ದರೂ ಅಷ್ಟೇ: ಲಸಿಕೆ ಮೊದಲು, ರಕ್ತಪರೀಕ್ಷೆ ಜೊತೆಜೊತೆಗೆ. ಎದೆಹಾಲು ಕುಡಿಸಬಹುದು. ಈ ಸೋಂಕಿನ ಕಾರಣಕ್ಕೇ ಸಿಸೇರಿಯನ್ ಬೇಕಿಲ್ಲ. ಹಾಸಿಗೆಗೆ ಕೆಂಪು ಚೀಟಿ ಅಂಟಿಸುವುದು, ವಾರ್ಡಿನಲ್ಲಿ ಗಟ್ಟಿಯಾಗಿ ಹೇಳುವುದು ಅನ್ಯಾಯ. ಆ ಹೆಣ್ಣುಮಗಳು ಮುಂದಿನ ಸಲ ಆಸ್ಪತ್ರೆಗೇ ಬರದಂತೆ ಅದು ಮಾಡಬಲ್ಲದು. ಮಗುವಿನ ರಕ್ತಪರೀಕ್ಷೆ ಒಂಬತ್ತು ತಿಂಗಳು ತುಂಬಿದ ಮೇಲೆ. ಮೊದಲೇ ಮಾಡಿದರೆ ಇಮ್ಯುನೊಗ್ಲಾಬ್ಯುಲಿನ್‌ನಿಂದ ಬಂದ ಆಂಟಿಬಾಡಿಯೇ ಕಂಡು ಮಗುವಿಗೆ ರಕ್ಷಣೆ ಇದೆ ಎಂದು ಮೋಸಹೋಗುತ್ತೇವೆ.

ಮನೆಯವರ ಜೊತೆ ಒಂದು ಮಾತು ತಪ್ಪದೆ ಆಡಬೇಕು. "ಕಾಮಾಲೆ ಸೂಜಿ" ಎಂದಷ್ಟೇ ಹೇಳಿ ಬಿಟ್ಟರೆ, ಎರಡು-ಮೂರನೇ ದಿನ ಎಳೆಗೂಸಿನ ಮೈ ಹಳದಿಯಾದಾಗ ಅಜ್ಜಿ ಸೂಜಿಯನ್ನೇ ದೂರುತ್ತಾರೆ, ಓಣಿಯವರೆಲ್ಲ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ನಾವು ಮೊದಲೇ ಹೇಳುತ್ತೇವೆ: "ಅಜ್ಜಿ, ಇದು ದೊಡ್ಡವನಾದ ಮೇಲೆ ಲಿವರ್ ಕೆಡದ ಹಾಗೆ ಕಾಯೋ ಸೂಜಿ. ನಾಡಿದ್ದು ಮಗು ಸ್ವಲ್ಪ ಹಳದಿಯಾದ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಂಗೈ ಅಂಗಾಲೂ ಹಳದಿಯಾದ್ರೆ ಮಾತ್ರ ತಡ ಮಾಡ್ದೆ ಕರ್ಕೊಂಡು ಬನ್ನಿ."

ತಿಂಗಳ ಕೊನೆಗೆ ಹುಟ್ಟಿದ ಹೊತ್ತು, ಕೊಟ್ಟ ಹೊತ್ತಿನ ಕಾಲಂ ಎರಡನ್ನೂ ಹೋಲಿಸಿ ನೋಡಿ, 24 ಗಂಟೆ ದಾಟಿದ ಪ್ರತಿ ಹೆಸರಿನ ಮುಂದೆ ಕಾರಣ ಬರೆಯುತ್ತೇವೆ. ಮನೆಯಲ್ಲಿ ಹುಟ್ಟಿದ ಮಕ್ಕಳ ಸುದ್ದಿ ಆಶಾ ಅವರಿಂದ ಅಂದೇ ಫೋನಿನಲ್ಲಿ ಬರಬೇಕು. ಸಮಯ ಮೀರಿ ಬಂದ ಮಗುವಿಗೆ ಬಿಸಿಜಿ, ಪೋಲಿಯೊ ಹನಿ ಕೊಟ್ಟು, ಆರನೇ ವಾರದ ಪೆಂಟಾ ಒಂದು ದಿನವೂ ತಡವಾಗದಂತೆ ತಾರೀಖನ್ನು ಕಾರ್ಡಿನ ಮೇಲೆ ದಪ್ಪಗೆ ಬರೆದು ಕಳಿಸುತ್ತೇವೆ.