ಏಪ್ರಿಲ್‌ನಲ್ಲಿ ಪಾಟಿಚೀಲ ನೋಡಿದೆ, ಜೂನ್‌ನಲ್ಲಿ ಸಾಮಾನು ತಂದೆ

ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಾಲ್ಕು ಮತ್ತು ಐದನೇ ತರಗತಿಗೆ ಪಾಠ ಮಾಡುತ್ತೇನೆ. ಮೇ ಕೊನೆಗೆ ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳ ಮನೆಯವರು ಕೇಳುವುದು ಒಂದೇ ಮಾತು: "ಅಕ್ಕೋರೆ, ಏನೇನ್ ತರಬೇಕ್ರಿ?" ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರದಿಂದ ಬರುತ್ತವೆ. ಉಳಿದದ್ದಕ್ಕೆ ನಾನು ಉದ್ದ ಪಟ್ಟಿ ಬರೆದು ಕೊಡುತ್ತಿದ್ದೆ. ಆರು ದಪ್ಪ ನೋಟ್‌ಬುಕ್, ಕಂಪಾಸ್ ಬಾಕ್ಸ್, ಬಣ್ಣ, ಹೀಗೆ.

ಮೂರು ವರ್ಷದ ಹಿಂದೆ, ಬೇಸಿಗೆ ರಜೆಗೆ ಎರಡು ದಿನ ಇದ್ದಾಗ, ಮಕ್ಕಳ ಪಾಟಿಚೀಲ ತೆಗೆಸಿ ಎಲ್ಲವನ್ನೂ ನೆಲದ ಮೇಲೆ ಹರಡಿಸಿದೆ. ಪರಿಸರ ಅಧ್ಯಯನದ ದಪ್ಪ ನೋಟ್‌ಬುಕ್ಕಿನಲ್ಲಿ ಮೂವತ್ತು, ನಲವತ್ತು ಪುಟ ಬರೆದಿದ್ದರು. ಮಿಕ್ಕಿದ್ದೆಲ್ಲ ಖಾಲಿ. ಗಣಿತದ್ದು ಮಾತ್ರ ಡಿಸೆಂಬರ್‌ಗೇ ಮುಗಿದು, ಲೆಕ್ಕಗಳೆಲ್ಲ ಬಿಡಿ ಹಾಳೆಯ ಮೇಲಿದ್ದವು. ಕಂಪಾಸ್ ಬಾಕ್ಸ್ ಎಲ್ಲರ ಹತ್ತಿರ ಇತ್ತು, ಎಷ್ಟೋ ಬಾಕ್ಸ್‌ನಲ್ಲಿ ಪೆನ್ಸಿಲ್ ಇರಲಿಲ್ಲ. ನನ್ನ ಪಟ್ಟಿ ತಪ್ಪು ಅಂತ ಆವತ್ತು ಗೊತ್ತಾಯಿತು. ಕೂಲಿ ಮಾಡಿ ತಂದ ದುಡ್ಡು ಅದು, ಅಲ್ವಾ? ಮನಸ್ಸಿಗೆ ಬಹಳ ಬೇಜಾರಾಯಿತು.

ಆಮೇಲಿಂದ ಅರ್ಧ ವರ್ಷದ ಸಾಮಾನು ಮಾತ್ರ ತರಿಸುತ್ತೇನೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಕಡೆ ಶಾಲೆ ಶುರುವಾಗುವ ಹೊತ್ತಿಗೇ ಮುಂಗಾರು ಬಿತ್ತನೆ. ತೊಗರಿ, ಹೆಸರು, ಉದ್ದಿನ ಬೀಜಕ್ಕೆ, ಗೊಬ್ಬರಕ್ಕೆ ದುಡ್ಡು ಹೊಂದಿಸುವ ಹೊತ್ತು. ಹೆಸರುಕಾಳಿನ ರಾಶಿ (ಒಕ್ಕಣೆ) ಮುಗಿದ ಮೇಲೆ, ಅಂದರೆ ಸೆಪ್ಟೆಂಬರ್ ಹೊತ್ತಿಗೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಪಠ್ಯಪುಸ್ತಕವೂ ಭಾಗ 1, ಭಾಗ 2 ಅಂತ ಎರಡಾಗಿದೆ. ಮತ್ತೆ ನೋಟ್‌ಬುಕ್ ಯಾಕೆ ಒಂದೇ ಸಲಕ್ಕೆ ಬೇಕು? ಈಗ ಜೂನ್‌ಗೆ ಗಣಿತಕ್ಕೆ ಎರಡು, ಉಳಿದ ವಿಷಯಕ್ಕೆ ಒಂದೊಂದು, ಎಲ್ಲವೂ ತೆಳುವಾದದ್ದು.

ಖರೀದಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನುವ ಪೇಟೆಗೆ ಇಬ್ಬರು ತಾಯಂದಿರ ಜೊತೆ ಹೋಗುತ್ತೇನೆ. ಎಲ್ಲರದ್ದೂ ಸೇರಿಸಿ ಡಜನ್ ಲೆಕ್ಕದಲ್ಲಿ ತಂದರೆ ಬಿಡಿಯಾಗಿ ತರುವುದಕ್ಕಿಂತ ಅಗ್ಗ. ಅಂಗಡಿಯಲ್ಲಿ ಮೊದಲು ನೋಡುವುದು ಕಾಗದ. ಪೆನ್ನಿನಿಂದ ಒತ್ತಿ ಒಂದು ಸಾಲು ಬರೆದು ಹಾಳೆ ತಿರುವುತ್ತೇನೆ. ಶಾಯಿ ಹಿಂದೆ ಇಳಿದರೆ ಆ ನೋಟ್‌ಬುಕ್ ಬೇಡ, ಮಗುವಿಗೆ ಒಂದೇ ಮಗ್ಗುಲು ಬರೆಯಲು ಬರುತ್ತದೆ. ಒಂದು ವರ್ಷ ಇದನ್ನು ನೋಡದೆ ಅಗ್ಗ ಅಂತ ತಂದು, ಅರ್ಧದಷ್ಟು ಪುಟ ಹಾಗೇ ಹಾಳಾದವು. ಪುಟ ಎಷ್ಟು ಅಂತ ಬಾಯಿಮಾತಿಗೆ ನಂಬಬೇಡಿ, ರಟ್ಟಿನ ಮೇಲೆ ಓದಿ. 200 ಪುಟದ್ದು ಕೇಳಿದರೆ 172 ಪುಟದ್ದು ಕೈಗೆ ಬರುವುದುಂಟು. ನಡುವೆ ಪಿನ್ ಹೊಡೆದದ್ದಕ್ಕಿಂತ ದಾರದಲ್ಲಿ ಹೊಲಿದದ್ದು ಬಾಳಿಕೆ ಬರುತ್ತದೆ. ಪಿನ್ನಿನದ್ದರಲ್ಲಿ ಒಂದು ಹಾಳೆ ಹರಿದರೆ ಆ ಕಡೆಯ ಜೋಡಿ ಹಾಳೆಯೂ ಸಡಿಲವಾಗುತ್ತದೆ.

ಪೆನ್ಸಿಲ್ ಎಚ್‌ಬಿ ಸಾಕು. ತುದಿ ನೋಡಿ, ಕಡ್ಡಿ ಸರಿಯಾಗಿ ನಡುವೆ ಇರಬೇಕು. ಒಂದು ಮಗ್ಗುಲಿಗೆ ಸರಿದಿದ್ದರೆ ಚೂಪು ಮಾಡಿದಾಗಲೆಲ್ಲ ಮುರಿಯುತ್ತದೆ. ವಾಸನೆಯ ರಬ್ಬರ್ ತರಬೇಡಿ, ಸಾದಾ ಬಿಳಿ ರಬ್ಬರ್ ಚೆನ್ನಾಗಿ ಅಳಿಸುತ್ತದೆ. ಕಂಪಾಸ್ ಬಾಕ್ಸ್ ಈಗ ಇಬ್ಬರಿಗೆ ಒಂದು.

ಮೇಣದ ಬಣ್ಣದ ವಿಷಯ ಹೇಳಲೇಬೇಕು. ಮೇ ತಿಂಗಳ ಬಿಸಿಲಲ್ಲಿ ಬಸ್ಸಿನ ಕಿಟಕಿ ಹತ್ತಿರ ಡಬ್ಬಿ ಇಟ್ಟುಕೊಂಡು ಬಂದೆ. ಊರು ಮುಟ್ಟುವಷ್ಟರಲ್ಲಿ ಹನ್ನೆರಡು ಬಣ್ಣ ಒಂದಕ್ಕೊಂದು ಅಂಟಿದ್ದವು. ನಮ್ಮ ಜಿಲ್ಲೆಯ ಬಿಸಿಲಿಗೆ ಬಣ್ಣದ ಪೆನ್ಸಿಲ್ಲೇ ಸರಿ.

ಪಾಟಿಚೀಲದ ಭಾರಕ್ಕೂ ರಾಜ್ಯದ ನಿಯಮ ಇದೆ. 3ರಿಂದ 5ನೇ ತರಗತಿಗೆ 2ರಿಂದ 3 ಕೆಜಿ. ನಮ್ಮ ಊರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಬ್ಬ ಹುಡುಗನ ಚೀಲ ತೂಗಿದೆ, ನಾಲ್ಕು ಕೆಜಿ ದಾಟಿತ್ತು. ಖಾಲಿ ಚೀಲವೇ ಮುಕ್ಕಾಲು ಕೆಜಿ ಹತ್ತಿರ ಇತ್ತು. ಹೊರಗೆ ಕಾರ್ಟೂನು, ಒಳಗೆ ದಪ್ಪ ರಟ್ಟು, ನಾಲ್ಕು ಜಿಪ್. ಈಗ ನಾನು ಹೇಳುವುದು ಒಂದು ದೊಡ್ಡ ಅರೆ, ಒಂದು ಚಿಕ್ಕ ಅರೆ, ಅಗಲ ಪಟ್ಟಿ ಇರುವ ಹಗುರ ಚೀಲ. ಪಟ್ಟಿಯನ್ನು ಎರಡೂ ಕೈಯಿಂದ ಜಗ್ಗಿ ನೋಡಿ. ಹಳೇ ಚೀಲದ ಜಿಪ್ ಮಾತ್ರ ಕೆಟ್ಟಿದ್ದರೆ ಹೊಸದು ಬೇಡ, ಜಿಪ್ ಹಾಕಿಸಿದರೆ ಇನ್ನೊಂದು ವರ್ಷ ಬರುತ್ತದೆ. ಒಬ್ಬ ತಾಯಿ, "ಹೊಸಾದು ಬೇಕಂತ ಅಳ್ತಾನ್ರಿ ಅಕ್ಕೋರೆ" ಅಂದರು. ಹಳೇ ಚೀಲ ತೊಳೆದು, ಜಿಪ್ ಹಾಕಿಸಿ, ಹುಡುಗನ ಹೆಸರನ್ನು ದಾರದಲ್ಲಿ ಕಸೂತಿ ಮಾಡಿ ಕಳಿಸಿದರು. ಅವನು ಅದನ್ನು ಎಲ್ಲರಿಗೂ ತೋರಿಸಿದ.

ಭಾರ ಕಡಿಮೆ ಮಾಡಲು ನೀರು ಮಾತ್ರ ಕಡಿಮೆ ಮಾಡಬೇಡಿ. ಮಳೆ ತಡವಾದರೆ ಜೂನ್‌ನಲ್ಲೂ ನಮ್ಮಲ್ಲಿ ಬಿಸಿಲು ಸುಡುತ್ತದೆ. ಅರ್ಧ ಲೀಟರಿನ ಸ್ಟೀಲ್ ಬಾಟಲಿ ತಂದು, ಶಾಲೆಯಲ್ಲಿ ಮತ್ತೆ ಮತ್ತೆ ತುಂಬಿಸಿಕೊಳ್ಳಲಿ. ಬಾಯಿ ಅಗಲವಿದ್ದರೆ ಕೈ ಹಾಕಿ ತೊಳೆಯಬಹುದು. ಚೀಲದೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಇರಲಿ, ಮಳೆಗೆ ಪುಸ್ತಕ ನೆನೆಯುವುದಿಲ್ಲ.

ಕೆಲವು ಮನೆಯವರು ದುಡಿಯಲು ಪುಣೆ, ಮುಂಬೈ, ಹೈದರಾಬಾದ್ ಕಡೆ ಹೋಗಿರುತ್ತಾರೆ. ಆ ಮಕ್ಕಳು ಜುಲೈಗೋ ಆಗಸ್ಟ್‌ಗೋ ಬರುತ್ತಾರೆ, ಕೈಯಲ್ಲಿ ಏನೂ ಇರುವುದಿಲ್ಲ. ಏಪ್ರಿಲ್‌ನಲ್ಲಿ ಉಳಿದ ಖಾಲಿ ಪುಟಗಳನ್ನು ಬಿಚ್ಚಿ, ಸೇರಿಸಿ ಹೊಲಿದು, ಹನ್ನೆರಡು ನೋಟ್‌ಬುಕ್ ಮಾಡಿ ಶಾಲೆಯ ಬೀರುವಿನಲ್ಲಿ ಇಟ್ಟಿದ್ದೇನೆ. ಜೊತೆಗೆ ಎರಡೆರಡು ಪೆನ್ಸಿಲ್, ಒಂದೊಂದು ರಬ್ಬರ್. ತಡವಾಗಿ ಬಂದ ಮಗು ಬಂದ ದಿನವೇ ಬರೆಯಲು ಕೂರುತ್ತದೆ.